ಬಾಳೆಹಣ್ಣು ಮತ್ತು ಕಾಟೇಜ್ ಚೀಸ್ ಬ್ರೆಡ್: ಮನೆಯಲ್ಲಿ ಬೇಯಿಸುವ ಕ್ರಮ

ಸಿಪ್ಪೆಯ ತುಂಬ ಕಪ್ಪು ಚುಕ್ಕೆ ಮೂಡಿ, ಮುಟ್ಟಿದರೆ ಬೆರಳು ಒಳಗಿಳಿಯುವಷ್ಟು ಮೆತ್ತಗಾದ ಬಾಳೆಹಣ್ಣನ್ನು ಹಾಗೆಯೇ ತಿನ್ನಲು ಯಾರಿಗೂ ಮನಸ್ಸಾಗುವುದಿಲ್ಲ. ಆದರೆ ಬೇಯಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಹಣ್ಣು ಇನ್ನೊಂದಿಲ್ಲ. ಅಂಥ ಹಣ್ಣಿನೊಂದಿಗೆ ಕಾಟೇಜ್ ಚೀಸ್ ಸೇರಿಸಿ ಬ್ರೆಡ್ ಮಾಡಿದರೆ, ಸಾಮಾನ್ಯ ಬನಾನಾ ಬ್ರೆಡ್‌ನಲ್ಲಿ ಸಕ್ಕರೆ ಮತ್ತು ಬೆಣ್ಣೆ ಮಾಡುವ ಕೆಲಸದ ದೊಡ್ಡ ಪಾಲನ್ನು ಹಣ್ಣಿನ ಸಿಹಿ ಮತ್ತು ಚೀಸ್‌ನ ತೇವವೇ ವಹಿಸಿಕೊಳ್ಳುತ್ತವೆ, ಜೊತೆಗೆ ಒಂದಿಷ್ಟು ಪ್ರೋಟೀನೂ ಸಿಗುತ್ತದೆ. ಮಾಡುವ ಕೆಲಸ ಕಷ್ಟದ್ದಲ್ಲ. ಆದರೂ ಮೊದಲ ಬಾರಿ ಮಾಡಿದವರಲ್ಲಿ ಹಲವರು ಮೇಲೆ ಬಂಗಾರದ ಬಣ್ಣ, ಒಳಗೆ ಹಸಿ ಅಂಟು ಎಂದು ಬೇಸರಪಟ್ಟುಕೊಳ್ಳುವುದುಂಟು. ಇದರ ಮೂಲ ಒಂದೇ: ನೀರು. ಬಾಳೆಹಣ್ಣಿನ ತೂಕದಲ್ಲಿ ಮುಕ್ಕಾಲು ಪಾಲು ನೀರು. ಕಾಟೇಜ್ ಚೀಸ್‌ನಲ್ಲಿ ಅದು ಶೇಕಡ 80ರ ಆಸುಪಾಸು. ಇವೆರಡರ ಜೊತೆಗೆ ಮೊಟ್ಟೆಯೂ ಸೇರುತ್ತದೆ. ಆದ್ದರಿಂದ ಮುಂದೆ ಹೇಳುವ ಪ್ರತಿಯೊಂದು ಹೆಜ್ಜೆಯೂ ಹೆಚ್ಚುಕಡಿಮೆ ಈ ನೀರಿನ ಲೆಕ್ಕಕ್ಕೇ ಸಂಬಂಧಿಸಿದ್ದು.

ಮೊದಲು ಸಾಮಗ್ರಿ. ಸಿಪ್ಪೆ ತೆಗೆದು ತೂಗಿದ ಬಾಳೆಹಣ್ಣು 250 ಗ್ರಾಂ, ನೀರು ಬಸಿಯುವ ಮುನ್ನ ತೂಗಿದ ಕಾಟೇಜ್ ಚೀಸ್ 250 ಗ್ರಾಂ, ಮೊಟ್ಟೆ 2, ಗೋಧಿ ಹಿಟ್ಟು 120 ಗ್ರಾಂ, ರೋಲ್ಡ್ ಓಟ್ಸ್ 100 ಗ್ರಾಂ, ಜೇನುತುಪ್ಪ 40 ಗ್ರಾಂ ಅಂದರೆ ಸುಮಾರು 2 ದೊಡ್ಡ ಚಮಚ, ಕರಗಿಸಿದ ಬೆಣ್ಣೆ ಅಥವಾ ವಾಸನೆಯಿಲ್ಲದ ಎಣ್ಣೆ 30 ಗ್ರಾಂ, ಬೇಕಿಂಗ್ ಪೌಡರ್ 2 ಚಹಾ ಚಮಚ, ಅಡುಗೆ ಸೋಡಾ ಕಾಲು ಚಹಾ ಚಮಚ, ಚಕ್ಕೆ ಪುಡಿ 1 ಚಹಾ ಚಮಚ, ವೆನಿಲ್ಲಾ 1 ಚಹಾ ಚಮಚ ಮತ್ತು ಒಂದು ಚಿಟಿಕೆ ಉಪ್ಪು. ಇಷ್ಟವಿದ್ದವರು 50 ಗ್ರಾಂ ವಾಲ್‌ನಟ್ ಸೇರಿಸಬಹುದು. ಇಷ್ಟು ಹಿಟ್ಟಿಗೆ 23 ಸೆಂಟಿಮೀಟರ್ ಉದ್ದ, 13 ಸೆಂಟಿಮೀಟರ್ ಅಗಲದ ಬ್ರೆಡ್ ಟಿನ್ ಸರಿಹೋಗುತ್ತದೆ. ಕತ್ತರಿಸಿದರೆ 10 ಹೋಳುಗಳಾಗುತ್ತವೆ.

"3 ಬಾಳೆಹಣ್ಣು" ಎಂದು ಬರೆಯದೆ ತೂಕ ಹೇಳಿದ್ದಕ್ಕೆ ಕಾರಣವಿದೆ. ತಳಿಯಿಂದ ತಳಿಗೆ, ಗೊನೆಯಿಂದ ಗೊನೆಗೆ ಹಣ್ಣಿನ ಗಾತ್ರ ಬದಲಾಗುತ್ತದೆ. ಒಂದೊಂದು ಹಣ್ಣಿನ ತಿರುಳು 60 ಗ್ರಾಂ ಇರಬಹುದು, 130 ಗ್ರಾಂ ಕೂಡ ಇರಬಹುದು. ಮೂರು ಹಣ್ಣುಗಳ ಲೆಕ್ಕದಲ್ಲಿ ಹೋದರೆ ಈ ವ್ಯತ್ಯಾಸ 200 ಗ್ರಾಮಿಗೆ ಮುಟ್ಟುತ್ತದೆ, ಅಂದರೆ ಅದರಲ್ಲಿ ನೀರೇ 150 ಗ್ರಾಂ ಹೆಚ್ಚು. ಮನೆಯಲ್ಲಿ ಅಡುಗೆಯ ತಕ್ಕಡಿ ಇಲ್ಲದಿದ್ದರೆ, ಕಿವುಚಿದ ಹಣ್ಣು ಒಂದು ಅಳತೆಯ ಕಪ್ಪಿಗೆ ಮಟ್ಟಸವಾಗಿ ತುಂಬಿ ಸ್ವಲ್ಪವೇ ಮಿಕ್ಕಬೇಕು ಎಂದು ಇಟ್ಟುಕೊಂಡರೆ ಕೆಲಸ ಕೆಡುವುದಿಲ್ಲ.

ಹಣ್ಣಿನ ಪಾಕ ಮುಖ್ಯ. ಬಾಳೆಕಾಯಿಯ ತೂಕದಲ್ಲಿ ಶೇಕಡ 20ರಷ್ಟು ಪಿಷ್ಟವಿರುತ್ತದೆ. ಹಣ್ಣಾಗುತ್ತ ಬಂದಂತೆ ಅದರೊಳಗಿನ ಕಿಣ್ವಗಳು ಆ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ, ಪೂರ್ತಿ ಕಳಿತ ಹಣ್ಣಿನಲ್ಲಿ ಪಿಷ್ಟ ಶೇಕಡ 1 ಅಥವಾ 2ಕ್ಕೆ ಇಳಿದಿರುತ್ತದೆ. ಹಳದಿ ಸಿಪ್ಪೆಯ ತುದಿಯಲ್ಲಿ ಇನ್ನೂ ಹಸಿರಿರುವ ಹಣ್ಣನ್ನು ಬಳಸಿದರೆ ಸಿಹಿಯೂ ಸಾಲದು, ಪರಿಮಳವೂ ಬಾರದು. ಆಗ ಕೈ ತಾನಾಗಿಯೇ ಸಕ್ಕರೆ ಡಬ್ಬಿಯ ಕಡೆ ಹೋಗುತ್ತದೆ. ಹಣ್ಣು ಬೇಗ ಕಳಿಯಬೇಕೆಂದಿದ್ದರೆ ಒಂದು ಸೇಬಿನ ಜೊತೆ ಕಾಗದದ ಚೀಲದಲ್ಲಿ ಮುಚ್ಚಿಡಿ. ಎರಡೂ ಹಣ್ಣುಗಳು ಬಿಡುವ ಎಥಿಲೀನ್ ಅನಿಲ ಒಳಗೇ ನಿಂತು ಪಾಕವನ್ನು ಒಂದೆರಡು ದಿನ ಮುಂದಕ್ಕೆ ತರುತ್ತದೆ. ಸಿಪ್ಪೆ ಸಮೇತ ಓವನ್‌ನಲ್ಲಿ ಸುಟ್ಟು ಕಪ್ಪು ಮಾಡುವ ಉಪಾಯವನ್ನು ಕೆಲವರು ಹೇಳುತ್ತಾರೆ. ಅದರಿಂದ ಹಣ್ಣು ಮೆತ್ತಗಾಗುತ್ತದೆ ನಿಜ, ಆದರೆ ದಿನಗಟ್ಟಲೆ ಕುಳಿತು ಕಳಿತ ಹಣ್ಣಿನ ರುಚಿ ಅರ್ಧ ಗಂಟೆಯಲ್ಲಿ ಬರುವುದಿಲ್ಲ. ಫ್ರೀಜರ್‌ನಲ್ಲಿಟ್ಟು ಕರಗಿಸಿದ ಹಣ್ಣನ್ನು ಧಾರಾಳವಾಗಿ ಬಳಸಬಹುದು. ಕರಗಿದಾಗ ಸುತ್ತ ನಿಲ್ಲುವ ಕಂದು ನೀರನ್ನು ಚೆಲ್ಲಬೇಡಿ, ಅದರಲ್ಲೇ ಪರಿಮಳವಿರುತ್ತದೆ. ಸಣ್ಣ ಪಾತ್ರೆಯಲ್ಲಿ ಅದನ್ನು ಕುದಿಸಿ ಅರ್ಧಕ್ಕೆ ಇಳಿಸಿ ಹಣ್ಣಿಗೆ ವಾಪಸು ಸೇರಿಸಿದರೆ ನೀರಿನ ಭಾರ ಕಡಿಮೆಯಾಗಿ ರುಚಿ ಉಳಿಯುತ್ತದೆ.

ಇನ್ನು ಕಾಟೇಜ್ ಚೀಸ್. ಹಾಲನ್ನು ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳಿಂದ ಹುಳಿಗಟ್ಟಿಸಿ, ಹೆಪ್ಪನ್ನು ಸಣ್ಣ ಚೌಕಗಳಾಗಿ ಕೊಯ್ದು, ನಿಧಾನವಾಗಿ ಬಿಸಿಮಾಡಿ, ಹಾಲೊಡಕು ಬಸಿದು, ತಣ್ಣೀರಿನಲ್ಲಿ ತೊಳೆದು, ಕೊನೆಗೆ ಸ್ವಲ್ಪ ಕೆನೆ ಮತ್ತು ಉಪ್ಪು ಬೆರೆಸಿದ್ದೇ ಡಬ್ಬಿಯಲ್ಲಿ ಸಿಗುವ ಕಾಟೇಜ್ ಚೀಸ್. ಅದುಮಿ ಗಟ್ಟಿ ಮಾಡಿದ ಪನೀರ್ ಇದಕ್ಕೆ ಸರಿಸಮನಾದ ಬದಲಿಯಲ್ಲ. ಅದರಲ್ಲಿ ತೇವ ಬಹಳ ಕಡಿಮೆ, ಹಾಗೆಯೇ ಹಾಕಿದರೆ ಬ್ರೆಡ್ ಒಣಗಿ ಉದುರುತ್ತದೆ. ಡಬ್ಬಿಯ ಚೀಸ್ ಕೊಳ್ಳುವವರು ಲೇಬಲ್‌ನಲ್ಲಿ ಉಪ್ಪಿನ ಪ್ರಮಾಣ ನೋಡಬೇಕು, ಏಕೆಂದರೆ 100 ಗ್ರಾಮಿಗೆ 300 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಸೋಡಿಯಂ ಇರುವುದು ಅಪರೂಪವಲ್ಲ. ಉಪ್ಪು ಹೆಚ್ಚಿರುವ ಚೀಸ್ ಆದರೆ ಮೇಲೆ ಹೇಳಿದ ಚಿಟಿಕೆ ಉಪ್ಪನ್ನೂ ಬಿಟ್ಟುಬಿಡಿ. ಕೊಬ್ಬಿಲ್ಲದ ಬಗೆಗಿಂತ ಶೇಕಡ 4ರಷ್ಟು ಕೊಬ್ಬಿರುವ ಬಗೆಯನ್ನೇ ನಾನು ಆರಿಸುತ್ತೇನೆ. ಕೊಬ್ಬಿಲ್ಲದ್ದನ್ನು ಹಾಕಿದರೆ ಉಳಿತಾಯವಾಗುವ ಕ್ಯಾಲೊರಿ ಅಲ್ಪ, ಕಳೆದುಕೊಳ್ಳುವ ಮೃದುತನ ಬಹಳ.

ಅಂಗಡಿಯಲ್ಲಿ ಸಿಗದಿದ್ದರೆ ಮನೆಯಲ್ಲೇ ಇದರ ಹತ್ತಿರದ ರೂಪವನ್ನು ಮಾಡಿಕೊಳ್ಳಬಹುದು. 1 ಲೀಟರ್ ಕೆನೆಹಾಲನ್ನು ಕುದಿ ಬರುವ ಮುನ್ನಿನ ಹಂತಕ್ಕೆ, ಅಂದರೆ ಸುಮಾರು 85 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಉರಿ ಆರಿಸಿ. 2 ದೊಡ್ಡ ಚಮಚ ನಿಂಬೆರಸಕ್ಕೆ ಅಷ್ಟೇ ನೀರು ಬೆರೆಸಿ, ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಮೆಲ್ಲಗೆ ತಿರುವಿ. ಹಾಲು ಒಡೆದು, ತಿಳಿ ಹಸಿರುಛಾಯೆಯ ನೀರು ಬೇರ್ಪಟ್ಟ ಕೂಡಲೇ ನಿಲ್ಲಿಸಿ. ಅದಕ್ಕಿಂತ ಹೆಚ್ಚು ಹುಳಿ ಹಾಕಿದರೆ ಕಣಗಳು ರಬ್ಬರಿನಂತಾಗುತ್ತವೆ. ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಸೋಸಿ, ತಣ್ಣೀರಿನಲ್ಲಿ ಒಮ್ಮೆ ತೊಳೆದು, ಅದುಮದೆ ಬಸಿಯಲು ಬಿಡಿ. ಸಾಮಾನ್ಯವಾಗಿ 180ರಿಂದ 200 ಗ್ರಾಂ ಸಿಗುತ್ತದೆ. ಅದಕ್ಕೆ 2 ದೊಡ್ಡ ಚಮಚ ಗಟ್ಟಿ ಮೊಸರು ಅಥವಾ ಕೆನೆ ಸೇರಿಸಿ ಕಲಸಿದರೆ ಈ ಬ್ರೆಡ್‌ಗೆ ಬೇಕಾದ ಹದ ಬರುತ್ತದೆ, ಮತ್ತೆ ಬಸಿಯುವ ಅಗತ್ಯವೂ ಇರುವುದಿಲ್ಲ.

ಡಬ್ಬಿಯ ಚೀಸ್ ಆದರೆ ಬಸಿಯಲೇಬೇಕು. ಒಂದು ಬಟ್ಟಲಿನ ಮೇಲೆ ಜರಡಿ ಇಟ್ಟು, ಅದರ ಮೇಲೆ ತೆಳು ಬಟ್ಟೆ ಹಾಸಿ, ಚೀಸ್ ಸುರಿದು ಮೂವತ್ತು ನಿಮಿಷ ಫ್ರಿಜ್‌ನಲ್ಲಿಡಿ. ಮೊದಲ ಐದು ನಿಮಿಷದಲ್ಲಿ ಬಿಳಿಯ ದಪ್ಪ ಹನಿಗಳು ಬೀಳುತ್ತವೆ, ಅದು ಕೆನೆ. ಆಮೇಲೆ ಹನಿ ತೆಳ್ಳಗಾಗಿ, ತಿಳಿಯಾಗಿ, ನಡುವೆ ಅಂತರ ಹೆಚ್ಚಾಗುತ್ತದೆ. ಅರ್ಧ ಗಂಟೆಯ ಹೊತ್ತಿಗೆ ಬಟ್ಟಲಲ್ಲಿ 40ರಿಂದ 50 ಗ್ರಾಂ ನೀರು ನಿಂತಿರುತ್ತದೆ, ಚೀಸ್ 200 ಗ್ರಾಂ ಆಸುಪಾಸಿಗೆ ಇಳಿದಿರುತ್ತದೆ. ಬಟ್ಟೆಯನ್ನು ಹಿಂಡಬೇಡಿ. ಹಿಂಡಿದರೆ ಕಣಗಳ ಒಳಗಿನ ತೇವವೂ ಹೋಗುತ್ತದೆ, ನಮಗೆ ಬೇಡದಿರುವುದು ಹೊರಗಿನ ನೀರು ಮಾತ್ರ. ನಾನು ಮೊದಮೊದಲು ಈ ಹಂತವನ್ನು ಅನಗತ್ಯ ಕಾಟ ಎಂದು ತಿಳಿದು ಬಿಟ್ಟುಬಿಡುತ್ತಿದ್ದೆ. ಒಂದು ಸಲ 200 ಡಿಗ್ರಿಯಲ್ಲಿ ಬೇಯಿಸಿ ಬೇಗ ಮುಗಿಸಹೋಗಿ, ಮೇಲ್ಪದರ ಕಾಫಿ ಬಣ್ಣಕ್ಕೆ ತಿರುಗಿದರೂ ಕೊಯ್ದಾಗ ನಡುವಿನಿಂದ ಹಿಟ್ಟು ಚಾಕುವಿನ ಜೊತೆಗೇ ಎದ್ದು ಬಂದದ್ದನ್ನು ಕಂಡ ಮೇಲೆ ಜರಡಿ ಕಪಾಟಿನಿಂದ ಹೊರಬಂತು.

ಈಗ ಕೆಲಸ ಶುರು ಮಾಡಬಹುದು. ಓವನ್ ಅನ್ನು 175 ಡಿಗ್ರಿ ಸೆಲ್ಸಿಯಸ್‌ಗೆ, ಫ್ಯಾನ್ ಇರುವ ಓವನ್ ಆದರೆ 160 ಡಿಗ್ರಿಗೆ ಕಾಯಲು ಇಡಿ. ಟಿನ್‌ಗೆ ಬೆಣ್ಣೆ ಸವರಿ, ಬೇಕಿಂಗ್ ಪೇಪರನ್ನು ಎರಡು ಉದ್ದ ಬದಿಗಳಲ್ಲೂ ಹೊರಗೆ ಚಾಚುವಂತೆ ಹಾಸಿ. ಈ ಚಾಚಿದ ಭಾಗವನ್ನೇ ಹಿಡಿಯಾಗಿ ಹಿಡಿದು ಬ್ರೆಡ್ ಎತ್ತಬೇಕಾಗುತ್ತದೆ. ಓಟ್ಸ್‌ನಲ್ಲಿ 70 ಗ್ರಾಂ ತೆಗೆದು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಉಳಿದ 30 ಗ್ರಾಂ ಹಾಗೇ ಇರಲಿ.

ಬಾಳೆಹಣ್ಣನ್ನು ಫೋರ್ಕ್‌ನಿಂದ ಕಿವುಚಿ, ಮಿಕ್ಸಿಗೆ ಹಾಕಬೇಡಿ. ಮಿಕ್ಸಿಯಲ್ಲಿ ಅರೆದ ಹಣ್ಣು ಅಂಟಂಟಾಗಿ, ಬೆಂದ ಮೇಲೆ ಬ್ರೆಡ್‌ಗೆ ಪಾಯಸದ ಗುಣ ತರುತ್ತದೆ. ಫೋರ್ಕ್‌ನಿಂದ ಮಾಡಿದರೆ ಅಲ್ಲಲ್ಲಿ ಅವರೆಕಾಳಿನಷ್ಟು ಗಾತ್ರದ ತುಣುಕುಗಳು ಉಳಿದು, ಬೆಂದಾಗ ಜಾಮಿನಂತೆ ಸಿಹಿಯಾದ ಗುಳಿಗಳಾಗುತ್ತವೆ. ಚೀಸ್‌ನ ವಿಷಯದಲ್ಲಿ ಮಾತ್ರ ಇದರ ತದ್ವಿರುದ್ಧ. ಹುಳಿಯಿಂದ ಗಟ್ಟಿಯಾದ ಹಾಲಿನ ಪ್ರೋಟೀನು ತನ್ನ ಕ್ಯಾಲ್ಸಿಯಂನ ಬಹುಭಾಗವನ್ನು ಕಳೆದುಕೊಂಡಿರುವುದರಿಂದ ಪಿಜ್ಜಾದ ಚೀಸ್‌ನಂತೆ ಓವನ್‌ನ ಬಿಸಿಗೆ ಕರಗಿ ಹರಿಯುವುದಿಲ್ಲ, ಕಣಗಳು ಕಣಗಳಾಗಿಯೇ ಉಳಿಯುತ್ತವೆ. ಬ್ರೆಡ್ ಕಚ್ಚಿದಾಗ ಬಿಳಿ ಕಣ ಹಲ್ಲಿಗೆ ಸಿಕ್ಕುವುದು ಕೆಲವರಿಗೆ, ಮುಖ್ಯವಾಗಿ ಮಕ್ಕಳಿಗೆ, ಸೇರುವುದಿಲ್ಲ. ಮುಕ್ಕಾಲು ಪಾಲು ಚೀಸ್ ಅನ್ನು ಮೊಟ್ಟೆ, ಜೇನುತುಪ್ಪ, ಬೆಣ್ಣೆ, ವೆನಿಲ್ಲಾಗಳ ಜೊತೆ ನುಣ್ಣಗೆ ಅರೆದು, ಉಳಿದ ಕಾಲು ಪಾಲನ್ನು ಕೊನೆಯಲ್ಲಿ ಹಾಗೇ ಸೇರಿಸುವುದು ನನ್ನ ಕ್ರಮ. ಪೂರ್ತಿ ಅರೆದರೂ ತಪ್ಪಿಲ್ಲ; ಆಗ ಒಳಗೆ ಚೀಸ್ ಇದೆ ಎಂದು ಯಾರೂ ಹೇಳಲಾರರು.

ಕಿವುಚಿದ ಹಣ್ಣಿಗೆ ಅರೆದ ಚೀಸ್ ಮಿಶ್ರಣವನ್ನೂ ಎರಡೂ ಬಗೆಯ ಓಟ್ಸನ್ನೂ ಹಾಕಿ ಕಲಸಿ, ಹತ್ತು ನಿಮಿಷ ಮುಚ್ಚಿಡಿ. ಮೇಲ್ನೋಟಕ್ಕೆ ಸುಮ್ಮನೆ ಕಾಯಿಸುವಂತೆ ಕಾಣುವ ಈ ಹತ್ತು ನಿಮಿಷ ಇಡೀ ಕ್ರಮದಲ್ಲೇ ಹೆಚ್ಚು ಲಾಭ ಕೊಡುತ್ತದೆ. ಓಟ್ಸ್‌ನಲ್ಲಿರುವ ಬೀಟಾ ಗ್ಲೂಕಾನ್ ಎಂಬ ನಾರು ನೀರನ್ನು ಹೀರಿ ಲೋಳೆಯಾಗುತ್ತದೆ. ಮೊದಲು ಬಟ್ಟಲಲ್ಲಿ ಹರಿದಾಡುತ್ತಿದ್ದ ಮಿಶ್ರಣ ಆಮೇಲೆ ಚಮಚದಿಂದ ನಿಧಾನವಾಗಿ ಜಾರುವಷ್ಟು ಗಟ್ಟಿಯಾಗಿರುತ್ತದೆ. ಓಟ್ಸನ್ನು ನೆನೆಸದೆ ನೇರವಾಗಿ ಓವನ್‌ಗೆ ಹಾಕಿದರೆ ಅದು ನೀರು ಹೀರುವ ಹೊತ್ತಿಗೆ ಬ್ರೆಡ್ ಅರ್ಧ ಬೆಂದಿರುತ್ತದೆ, ಹೀಗಾಗಿ ತಳದಲ್ಲಿ ಒದ್ದೆ ಪದರ ಉಳಿಯುತ್ತದೆ.

ಅಷ್ಟರಲ್ಲಿ ಬೇರೊಂದು ಬಟ್ಟಲಲ್ಲಿ ಗೋಧಿ ಹಿಟ್ಟು, ಬೇಕಿಂಗ್ ಪೌಡರ್, ಸೋಡಾ, ಚಕ್ಕೆ ಪುಡಿ, ಉಪ್ಪುಗಳನ್ನು ಎರಡು ಬಾರಿ ಜರಡಿ ಹಿಡಿಯಿರಿ. ಸೋಡಾ ಗಂಟು ಉಳಿದರೆ ಅದೊಂದು ತುತ್ತು ಸಾಬೂನಿನ ರುಚಿ ಕೊಡುತ್ತದೆ. ಸೋಡಾ ಕೆಲಸ ಮಾಡಲು ಹುಳಿ ಬೇಕು; ಬಾಳೆಹಣ್ಣಿನಲ್ಲೂ ಚೀಸ್‌ನಲ್ಲೂ ಇರುವ ನಸುಹುಳಿಗೆ ಕಾಲು ಚಮಚ ಸಾಕು. ಬ್ರೆಡ್ ಇನ್ನೂ ಉಬ್ಬಲಿ ಎಂದು ಹೆಚ್ಚು ಹಾಕಿದರೆ ಒಳಭಾಗ ಬೂದು ಬಣ್ಣಕ್ಕೆ ತಿರುಗಿ ನಾಲಿಗೆಗೆ ಒಗರಾಗುತ್ತದೆ. ನಿಜವಾಗಿ ಉಬ್ಬಿಸುವ ಭಾರ ಬೇಕಿಂಗ್ ಪೌಡರ್ ಮೇಲಿದೆ, ಏಕೆಂದರೆ ಡಬಲ್ ಆಕ್ಟಿಂಗ್ ಬಗೆಯದು ಒಮ್ಮೆ ಒದ್ದೆಯಾದಾಗ, ಮತ್ತೊಮ್ಮೆ ಬಿಸಿಯಾದಾಗ ಅನಿಲ ಬಿಡುತ್ತದೆ. ಡಬ್ಬಿ ತೆರೆದು ಬಹಳ ಕಾಲವಾಗಿದ್ದರೆ ಒಂದು ಚಮಚ ಪುಡಿಯನ್ನು ಬಿಸಿನೀರಿಗೆ ಹಾಕಿ ನೋಡಿ. ಭರ್‍ರೆಂದು ನೊರೆ ಬರದಿದ್ದರೆ ಅದನ್ನು ನಂಬಿ ಬ್ರೆಡ್ ಮಾಡಬೇಡಿ.

ಒಣ ಹಿಟ್ಟನ್ನು ಒದ್ದೆ ಮಿಶ್ರಣಕ್ಕೆ ಒಮ್ಮೆಲೇ ಸುರಿದು, ಅಗಲವಾದ ಚಮಚದಿಂದ ತಳದಿಂದ ಮೇಲಕ್ಕೆ ಮಗುಚುತ್ತ ಬೆರೆಸಿ. ಹನ್ನೆರಡು ಹದಿನೈದು ಬಾರಿ ಮಗುಚಿದರೆ ಬಿಳಿ ಹಿಟ್ಟು ಕಾಣದಂತಾಗುತ್ತದೆ, ಅಲ್ಲಿಗೆ ನಿಲ್ಲಿಸಿ. ಕೈ ಬಿಡದೆ ತಿರುವುತ್ತಿದ್ದರೆ ಗೋಧಿಯ ಗ್ಲುಟನ್ ಎಳೆಗಟ್ಟಿ ಬ್ರೆಡ್ ಜಗಿಯುವಂತಾಗುತ್ತದೆ. ಕಡೆಯ ಎರಡು ಮಗುಚುಗಳಲ್ಲಿ ತೆಗೆದಿಟ್ಟ ಚೀಸ್ ಮತ್ತು ವಾಲ್‌ನಟ್ ಸೇರಿಸಿ. ಹದ ಹೇಗಿರಬೇಕೆಂದರೆ, ಚಮಚವನ್ನು ಓರೆ ಮಾಡಿದಾಗ ಹಿಟ್ಟು ಧಾರೆಯಾಗಿ ಹರಿಯಬಾರದು, ಅಂಟಿಕೊಂಡು ನಿಲ್ಲಲೂಬಾರದು. ಒಂದು ಕ್ಷಣ ತಡೆದು ದೊಪ್ಪನೆ ಬೀಳಬೇಕು. ಹರಿಯುವಂತಿದ್ದರೆ ಒಂದೆರಡು ದೊಡ್ಡ ಚಮಚ ಓಟ್ಸ್ ಪುಡಿ ಸೇರಿಸಿ ಐದು ನಿಮಿಷ ಬಿಡಿ.

ಟಿನ್‌ಗೆ ಸುರಿದು ಮೇಲ್ಭಾಗವನ್ನು ಸಮಮಾಡಿ, ಎಣ್ಣೆ ಸವರಿದ ಚಾಕುವಿನಿಂದ ನಡುವೆ ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಬ್ರೆಡ್ ಸೀಳುವುದಂತೂ ಖಂಡಿತ, ಗೆರೆ ಇದ್ದರೆ ನಾವು ಹೇಳಿದಲ್ಲಿ ಸೀಳುತ್ತದೆ. ಓವನ್‌ನ ನಡು ಹಂತದಲ್ಲಿಟ್ಟು 50ರಿಂದ 60 ನಿಮಿಷ ಬೇಯಿಸಿ. ಮೊದಲ ಅರ್ಧ ಗಂಟೆ ಬಾಗಿಲು ತೆರೆಯಬೇಡಿ, ಏಕೆಂದರೆ ಉಬ್ಬಿದ ಹಿಟ್ಟು ಆಗಿನ್ನೂ ಗಟ್ಟಿಯಾಗಿರುವುದಿಲ್ಲ, ಬಿಸಿ ಇಳಿದರೆ ಕುಸಿಯುತ್ತದೆ. ಹಣ್ಣಿನ ಮತ್ತು ಜೇನಿನ ಸಕ್ಕರೆಗೆ ಹಾಲಿನ ಪ್ರೋಟೀನು ಜೊತೆಯಾಗಿರುವುದರಿಂದ ಮೇಲ್ಭಾಗ ಬೇಗ ಕೆಂಪಾಗುತ್ತದೆ. 35 ನಿಮಿಷದ ಹೊತ್ತಿಗೆ ಗಾಢ ಬಣ್ಣ ಬಂದಿದ್ದರೆ ಮೇಲೆ ಫಾಯಿಲ್ ಅನ್ನು ಸಡಿಲವಾಗಿ ಹೊದಿಸಿ ಮುಂದುವರಿಸಿ. ಉರಿ ಕಡಿಮೆ, ಸಮಯ ಹೆಚ್ಚು ಎಂಬುದು ನೀರು ತುಂಬಿದ ಹಿಟ್ಟಿಗೆ ಒಗ್ಗುವ ನಿಯಮ.

ಬೆಂದಿದೆಯೇ ಎಂದು ಕಡ್ಡಿ ಚುಚ್ಚಿ ನೋಡುವ ರೂಢಿ ಈ ಬ್ರೆಡ್‌ನಲ್ಲಿ ದಾರಿ ತಪ್ಪಿಸಬಹುದು. ಕಡ್ಡಿ ಒಂದು ಚೀಸ್ ಕಣವನ್ನೋ ಬಾಳೆಹಣ್ಣಿನ ತುಣುಕನ್ನೋ ತಗುಲಿದರೆ, ಪೂರ್ತಿ ಬೆಂದ ಬ್ರೆಡ್‌ನಿಂದಲೂ ಒದ್ದೆಯಾಗಿಯೇ ಹೊರಬರುತ್ತದೆ. ಅದಕ್ಕೇ ಎರಡು ಮೂರು ಕಡೆ ಚುಚ್ಚಿ, ಕಡ್ಡಿಗೆ ಅಂಟಿದ್ದನ್ನು ಬೆರಳ ನಡುವೆ ಉಜ್ಜಿ ನೋಡಿ: ಹಸಿ ಹಿಟ್ಟು ಪೇಸ್ಟಿನಂತೆ ಸವರಿಕೊಳ್ಳುತ್ತದೆ, ಬೆಂದ ಹಿಟ್ಟು ತೇವದ ಪುಡಿಯಾಗಿ ಉದುರುತ್ತದೆ. ನಡುಭಾಗವನ್ನು ಬೆರಳಿಂದ ಮೆಲ್ಲಗೆ ಒತ್ತಿದರೆ ಗುಳಿ ಉಳಿಯದೆ ಮೇಲೆದ್ದು ಬರಬೇಕು. ಅಡುಗೆಯ ಥರ್ಮಾಮೀಟರ್ ಇದ್ದವರಿಗೆ ಈ ತೊಂದರೆಗಳಿಲ್ಲ. ನಟ್ಟನಡುವೆ 95 ಡಿಗ್ರಿ ತೋರಿಸಿದರೆ ಬೆಂದಿದೆ.

ಹೊರತೆಗೆದ ಮೇಲೆ 15 ನಿಮಿಷ ಟಿನ್‌ನಲ್ಲೇ ಬಿಡಿ, ಆಮೇಲೆ ಪೇಪರ್ ಹಿಡಿದೆತ್ತಿ ಜಾಲರಿಯ ಮೇಲಿಡಿ. ಟಿನ್‌ನಲ್ಲೇ ಪೂರ್ತಿ ಆರಲು ಬಿಟ್ಟರೆ ಹಬೆ ನೀರಾಗಿ ತಳ ನೆನೆಯುತ್ತದೆ. ಕೊಯ್ಯಲು ಕನಿಷ್ಠ ಒಂದು ಗಂಟೆ ಕಾಯಬೇಕು, ಇದು ಅತ್ಯಂತ ಕಷ್ಟದ ಹಂತ ಎಂದು ಒಪ್ಪುತ್ತೇನೆ, ಚಕ್ಕೆಯ ಪರಿಮಳ ಮನೆಯಲ್ಲೆಲ್ಲ ತುಂಬಿರುತ್ತದೆ. ಆದರೆ ಬಿಸಿ ಇರುವಾಗ ಒಳಗಿನ ಪಿಷ್ಟ ಇನ್ನೂ ಗಟ್ಟಿಯಾಗಿರದ ಕಾರಣ ಸರಿಯಾಗಿ ಬೆಂದ ಬ್ರೆಡ್ ಕೂಡ ಹಸಿಯಂತೆ ಕಾಣುತ್ತದೆ. ನಡುವೆ ಒಂದಿಷ್ಟು ತಗ್ಗಿದರೆ ಚಿಂತೆ ಬೇಡ, ಚೀಸ್‌ನ ಭಾರಕ್ಕೆ ಅದು ಸಹಜ. ಕಣಿವೆಯಂತೆ ಕುಸಿದಿದ್ದರೆ ಮಾತ್ರ ಹಣ್ಣು ಹೆಚ್ಚಾಗಿದೆ, ಅಥವಾ ಸೋಡಾ ಹೆಚ್ಚಾಗಿದೆ, ಅಥವಾ ಹತ್ತು ನಿಮಿಷ ಮೊದಲೇ ಹೊರತೆಗೆಯಲಾಗಿದೆ.

ಮೊಟ್ಟೆ ಬೇಡದವರು 2 ದೊಡ್ಡ ಚಮಚ ಅಗಸೆ ಬೀಜದ ಪುಡಿಯನ್ನು 6 ದೊಡ್ಡ ಚಮಚ ನೀರಿನಲ್ಲಿ ಕಲಸಿ ಹದಿನೈದು ನಿಮಿಷ ನೆನೆಸಿ ಬಳಸಬಹುದು. ಬ್ರೆಡ್ ಅಷ್ಟು ಉಬ್ಬುವುದಿಲ್ಲ, ಕಣ ಸ್ವಲ್ಪ ಸಾಂದ್ರವಾಗಿರುತ್ತದೆ, ಬೇಯಲು ಹತ್ತು ನಿಮಿಷ ಹೆಚ್ಚು ಬೇಕಾಗುತ್ತದೆ. ಇಂಥ ಹಿಟ್ಟನ್ನು ದೊಡ್ಡ ಟಿನ್‌ಗಿಂತ ಮಫಿನ್ ಅಚ್ಚುಗಳಲ್ಲಿ ಬೇಯಿಸುವುದು ಲೇಸು. 12 ಮಫಿನ್‌ಗಳಾಗುತ್ತವೆ, 180 ಡಿಗ್ರಿಯಲ್ಲಿ 22ರಿಂದ 25 ನಿಮಿಷ ಸಾಕು, ಸಣ್ಣ ಗಾತ್ರದ ಕಾರಣ ನಡುವೆ ಹಸಿ ಉಳಿಯುವ ಭಯವೂ ಇಲ್ಲ.

ಪೌಷ್ಟಿಕತೆಯ ಬಗ್ಗೆ ಅತಿಶಯದ ಮಾತು ಬೇಡ. ಮೇಲಿನ ಅಳತೆಯಲ್ಲಿ ಒಂದು ಹೋಳಿಗೆ ಸುಮಾರು 6ರಿಂದ 7 ಗ್ರಾಂ ಪ್ರೋಟೀನು ಬೀಳುತ್ತದೆ. ಸೇರಿಸಿದ ಸಿಹಿಯೆಂದರೆ ಹೋಳಿಗೆ 4 ಗ್ರಾಂ ಜೇನುತುಪ್ಪ ಮಾತ್ರ. ಚೆನ್ನಾಗಿ ಕಳಿತ ಹಣ್ಣಾದರೆ ಅದನ್ನೂ ಅರ್ಧಕ್ಕೆ ಇಳಿಸಬಹುದು. ಹಾಗೆಂದು ಇದು ಸಕ್ಕರೆಯಿಲ್ಲದ ತಿಂಡಿಯಲ್ಲ, ಹಣ್ಣಿನ ಸಕ್ಕರೆಯೂ ಸಕ್ಕರೆಯೇ, ಮಧುಮೇಹವಿರುವವರು ಹೋಳುಗಳನ್ನು ಲೆಕ್ಕವಿಟ್ಟೇ ತಿನ್ನಬೇಕು. ಒಂದು ವರ್ಷ ತುಂಬದ ಮಕ್ಕಳಿಗೆ ಜೇನುತುಪ್ಪವನ್ನು ಬೇಯಿಸಿದ ರೂಪದಲ್ಲೂ ಕೊಡಬಾರದು; ಅವರಿಗೆಂದು ಮಾಡುವುದಾದರೆ ಜೇನು, ಉಪ್ಪು ಎರಡನ್ನೂ ಬಿಟ್ಟುಬಿಡಿ, ವಾಲ್‌ನಟ್ ತುಂಡುಗಳನ್ನು ಹಾಕಲೇಬೇಡಿ.

ತೇವ ಹೆಚ್ಚಿರುವ ಬ್ರೆಡ್ ಬೇಗ ಬೂಸ್ಟು ಹಿಡಿಯುತ್ತದೆ. ಹೊರಗೆ ಒಂದು ದಿನ, ಫ್ರಿಜ್‌ನಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ನಾಲ್ಕು ದಿನ ಇಡಬಹುದು. ಅದಕ್ಕೂ ಹೆಚ್ಚು ಬೇಕಿದ್ದರೆ ಹೋಳುಗಳ ನಡುವೆ ಪೇಪರ್ ಇಟ್ಟು ಫ್ರೀಜರ್‌ನಲ್ಲಿಡಿ, ಎರಡು ತಿಂಗಳು ರುಚಿ ಕೆಡುವುದಿಲ್ಲ. ಫ್ರಿಜ್‌ನ ತಂಪಿಗೆ ಪಿಷ್ಟ ಬಿರುಸಾಗುವುದರಿಂದ ಎರಡನೆಯ ದಿನದ ಹೋಳು ತಣ್ಣಗೆ ತಿಂದರೆ ಸಪ್ಪೆ ಎನಿಸುತ್ತದೆ. ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಎರಡೂ ಬದಿ ಕಾಯಿಸಿದರೆ ಅಂಚು ಗರಿಗರಿಯಾಗಿ, ಒಳಗಿನ ಬಾಳೆಹಣ್ಣಿನ ತುಣುಕು ಮತ್ತೆ ಜಾಮಿನಂತಾಗುತ್ತದೆ. ನಾನಂತೂ ಮೊದಲ ದಿನದ್ದಕ್ಕಿಂತ ಹೀಗೆ ಕಾಯಿಸಿದ ಮೂರನೆಯ ದಿನದ ಹೋಳನ್ನೇ ಕಾದು ತಿನ್ನುತ್ತೇನೆ.